ಸೆರಗಿನ ಅರಿಶಿಣ

ನಮ್ಮ ಅತ್ತೆ ಇಬ್ಬರು ಸೊಸೆಯಂದಿರಿಗೂ ಒಂದೇ ಬಣ್ಣದ, ಒಂದೇ ಅಂಚಿನ ರೇಷ್ಮೆ ಸೀರೆ ತಂದಿದ್ದರು. ಒಬ್ಬಳದನ್ನು ನೋಡಿ ಇನ್ನೊಬ್ಬಳು ಮುಖ ಸಣ್ಣದು ಮಾಡಬಾರದೆಂದು ಅವರ ಲೆಕ್ಕ. ನಾನೂ ಮೈದುನನ ಹೆಂಡತಿಯೂ ಜೇವರ್ಗಿಯ ಒಬ್ಬನೇ ದರ್ಜಿಯ ಹತ್ತಿರ ಫಾಲ್ ಹಚ್ಚಿಸಿ, ಒಂದೇ ಅಲ್ಮಾರಿಯಲ್ಲಿಟ್ಟೆವು.

ನನ್ನದಕ್ಕೆ ಆಮೇಲೊಂದು ಗುರುತಾಯಿತು. ತವರಿಗೆ ಹೋದಾಗ ಅವ್ವ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು ಹಾಕುವಾಗ ಅವಳ ಹಸಿ ಅರಿಶಿಣದ ಕೈ ಸೆರಗಿಗೆ ಒತ್ತಿ, ಅಂಗೈ ಅಗಲದ ಕಲೆ ಉಳಿಯಿತು. ಅವಳು ತುಂಬಿದ ಕೊನೆಯ ಉಡಿ ಅದೇ. ಆ ವರ್ಷವೇ ತೀರಿಕೊಂಡಳು.

ನಾಗರ ಪಂಚಮಿ ಹತ್ತಿರ ಬಂದಾಗ, ಕಲೆ ಬಿದ್ದ ಸೀರೆ ಉಟ್ಟು ನಾಲ್ಕು ಮಂದಿಯಲ್ಲಿ ಹೇಗೆ ಕೂಡುತ್ತೀ ಎಂದು ಅತ್ತೆ ಅಂದರು. ಯಜಮಾನರು ಎರಡೂ ಸೀರೆಗಳನ್ನು ಒಂದೇ ಚೀಟಿಯ ಮೇಲೆ ಡ್ರೈವಾಶಿಗೆ ಕೊಟ್ಟು ಬಂದರು. ಅಂಗಡಿಯವನು ಬಟ್ಟೆಗಳನ್ನು ಕಲಬುರಗಿಗೆ ಕಳಿಸಿ ತರಿಸುತ್ತಾನೆ. ಹೋದಾಗಲೆಲ್ಲ ನಾಳೆ ಬನ್ನಿ ಎನ್ನುತ್ತಿದ್ದ. ಒಂದು ದಿನ ನಾನೇ ಅಂದೆ: "ನಿನ್ನ ನಾಳಿ ಯಾವ ಊರಾಗ ಇರ್ತದ ಹೇಳು ತಮ್ಮಾ, ನಾ ಅಲ್ಲೇ ಹೋಗಿ ಕೂಡ್ತೇನಿ."

ಕಡೆಗೆ ಬಂದದ್ದು ಒಂದೇ ಸೀರೆ. ಇನ್ನೊಂದು ಎಲ್ಲಿ ಹೋಯಿತೋ ಅವನಿಗೂ ಗೊತ್ತಿಲ್ಲ. ಒಂದಾದರೂ ಬಂತಲ್ಲ ಶಿವನೇ ಎಂದು ಮನೆಗೆ ತಂದು ಬಿಚ್ಚಿದೆ. ಮೈದುನನ ಹೆಂಡತಿ ಸೆರಗನ್ನು ಬೆಳಕಿಗೆ ಹಿಡಿದಳು.

"ಇದು ನಂದ್ರಿ ಅಕ್ಕಾ. ನಿಮ್ಮ ಸೀರಿಗಿ ಅರಿಶಿಣ ಹತ್ತಿತ್ತಲ್ರಿ. ಇದರಾಗ ಎಲ್ಲದ?"

"ಅದು ಹೋಗ್ಲಿ ಅಂತೇ ಅಲ್ಲೇನವ್ವ ಕೊಟ್ಟಿದ್ದು?"

ಅವಳದೂ ಸುಳ್ಳಲ್ಲ, ನನ್ನದೂ ಸುಳ್ಳಲ್ಲ. ಪಾಳಿಯ ಮೇಲೆ ಉಡ್ರಿ ಎಂದು ಅತ್ತೆ ಹೇಳಿಬಿಟ್ಟರು. ಮೊದಲ ಪಾಳಿ ಅವಳದಾಯಿತು, ಪಂಚಮಿಗೆ ತವರಿಗೆ ಹೋಗುವವಳು ಅವಳೇ ತಾನೆ. ಕೊಳಕೂರಿನಲ್ಲಿ ಅವಳ ತಾಯಿ ಇನ್ನೂ ಗಟ್ಟಿಯಾಗಿದ್ದಾಳೆ, ವರ್ಷಕ್ಕೆರಡು ಸಲ ಕರೆಯುತ್ತಾಳೆ. ಆ ಸೀರೆ ಉಟ್ಟು ಅವಳು ಬಸ್ ಹತ್ತುವುದನ್ನು ನೋಡಿ ಮನೆಗೆ ಬಂದೆ. ಪೂಜೆಗೆ ಕುಳಿತರೂ ಅಂಗೈಯ ಲಿಂಗದ ಮೇಲೆ ಮನಸ್ಸು ನಿಲ್ಲಲಿಲ್ಲ. ಮಕ್ಕಳು ಗಟ್ಟಿಯಾಗಿದ್ದಾರೆ, ಯಜಮಾನರು ಒಳ್ಳೆಯವರು, ನಲ್ಲಿಗೆ ನೀರು ಬರುತ್ತದೆ ಎಂದು ದೇವರು ಕೊಟ್ಟದ್ದನ್ನು ಒಂದೊಂದೇ ಎಣಿಸಿದೆ. ಎಣಿಕೆ ಮುಗಿದ ಮೇಲೂ ಅವಳ ತಾಯಿ ಉಳಿದಳು.

ತಿರುಗಿ ಬಂದಾಗ ಸೆರಗಿನಲ್ಲಿ ಹೊಸ ಅರಿಶಿಣ ಇತ್ತು. ಹೆಚ್ಚು ಕಡಿಮೆ ಅದೇ ಜಾಗದಲ್ಲಿ.

"ಮತ್ತ ಡ್ರೈವಾಶಿಗಿ ಹಾಕೋಣೇನ್ರಿ ಅಕ್ಕಾ? ಮುಂದಿನ ಪಾಳಿ ನಿಮ್ದು," ಎಂದಳು.

"ಬ್ಯಾಡ. ಇರ್ಲಿ ಬಿಡು," ಎಂದೆ.

ಆಳಂದದಲ್ಲಿ ಸಂಬಂಧಿಕರ ಮದುವೆಗೆ ನಾನು ಅದನ್ನೇ ಉಟ್ಟೆ. ಕಲೆ ಕಾಣದ ಹಾಗೆ ಸೆರಗನ್ನು ಒಳಗೆ ಮಡಚಬಹುದಿತ್ತು. ಮಡಚಲಿಲ್ಲ. ಊಟದ ಪಂಕ್ತಿಯಲ್ಲಿ ಎದುರು ಕುಳಿತಿದ್ದ ಗುರುತಿಲ್ಲದ ಹೆಣ್ಣುಮಗಳು ಅದನ್ನು ನೋಡಿ ನಕ್ಕಳು.

"ತವರಿಗಿ ಹೋಗಿ ಬಂದೀರೇನ್ರಿ? ಅವ್ವ ಛಂದ ಉಡಿ ತುಂಬ್ಯಾರ."

"ಹೌದ್ರಿ," ಎಂದೆ.

ಮೈದುನನ ಹೆಂಡತಿ ಪಕ್ಕದಲ್ಲೇ ಇದ್ದಳು. ನನ್ನ ಕಡೆ ಒಮ್ಮೆ ನೋಡಿ, ತನ್ನ ಎಲೆಯ ಹೋಳಿಗೆಯನ್ನು ಮುರಿಯತೊಡಗಿದಳು. ಅವಳು ಬಾಯಿ ಬಿಡಲಿಲ್ಲ. ಅದನ್ನೂ ದೇವರ ಎಣಿಕೆಗೆ ಸೇರಿಸಿಕೊಂಡೆ.