ಅಕ್ಕನಿಗೆ ಊರು ತೋರಿಸಿದ್ದು

ಮನೆಗೆ ಬಂದ ನೆಂಟರನ್ನು ಕೂರಿಸಿ ಮಾತಾಡಿಸುವ ಕಲೆ ನನಗೆ ಬರುವುದಿಲ್ಲ. ಅವರ ಚಹಾ ಮುಗಿಯುವುದರೊಳಗೆ ನಾನು ಚಪ್ಪಲಿ ಮೆಟ್ಟಿ ನಿಂತಿರುತ್ತೇನೆ: ‘ಏಳ್ರಿ, ಊರು ತೋರಸ್ತೀನಿ.’ ಜನ ಇದನ್ನು ಉಪಚಾರ ಅಂದುಕೊಂಡಿದ್ದಾರೆ. ಇದು ರೋಗವೆಂದು ನನ್ನ ಹೆಂಡತಿಗೆ ಮಾತ್ರ ಗೊತ್ತು.

ರೋಗ ಉಲ್ಬಣಿಸಿದ್ದು ಸಮುದ್ರದ ದಂಡೆಯಲ್ಲಿ. ರಾಜ್ಯಗಳ ವಿಂಗಡಣೆಯಾದಾಗ ಬೀದರ ಮೈಸೂರಿಗೆ ಹೋಯಿತು, ನಮ್ಮ ಜಹೀರಾಬಾದು ಆಂಧ್ರಕ್ಕೆ ಸೇರಿತು. ಸರಕಾರಿ ಗುಮಾಸ್ತನಾಗಿದ್ದ ನನ್ನನ್ನು ಕೆಲವು ವರ್ಷದ ಮೇಲೆ ಆಂಧ್ರದ ಕರಾವಳಿಯ ಒಂದು ಸಣ್ಣ ಊರಿಗೆ ವರ್ಗ ಮಾಡಿದರು. ಕೆರೆಯಲ್ಲೂ ಮೊಣಕಾಲಿಗಿಂತ ಆಳಕ್ಕೆ ಇಳಿಯದ ನಾನು, ಸಮುದ್ರ ನಮ್ಮಪ್ಪನ ಆಸ್ತಿಯೆಂಬಂತೆ ಬಂದವರಿಗೆಲ್ಲ ತೋರಿಸತೊಡಗಿದೆ. ಅಲ್ಲಿ ವಿಚಿತ್ರಗಳಿಗೇನೂ ಬರವಿರಲಿಲ್ಲ. ರಸ್ತೆ ಬದಿಯ ಕಾಫಿ ಹೋಟೆಲೊಂದರ ಬಾಗಿಲಿಗೆ ತಿಮಿಂಗಿಲದ ಎರಡು ಪಕ್ಕೆಲುಬು ನಿಲ್ಲಿಸಿದ್ದರು. ಮರಳಲ್ಲಿ ಹೂತ ಹಳೆಯ ಸ್ಟೀಮರಿಗೆ ಮೀನುಗಾರರು ಮೇಕೆ ಕಟ್ಟುತ್ತಿದ್ದರು. ಅಲೆಯಿಂದ ಇಪ್ಪತ್ತು ಮಾರು ದೂರದಲ್ಲಿ ಒಂದು ಸಿಹಿನೀರ ಬಾವಿ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದಕ್ಕೇ ಸಿಹಿ ಮೇಲೆ ನಿಲ್ಲುತ್ತದೆ ಎಂದು ನಾನು ಪಾಠ ಹೇಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ಅಲ್ಲಿಗೆ ಅಕ್ಕ ಬಂದಳು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ಗಂಡ ತೀರಿದ ಮೇಲೆ, ಮಕ್ಕಳಿಲ್ಲದ ಅವಳು ಜಹೀರಾಬಾದಿನ ಹತ್ತಿರ ನ್ಯಾಲ್ಕಲ್ ಕಡೆಯ ಹಳ್ಳಿಯಲ್ಲಿ ಮೈದುನರ ಮನೆಯಲ್ಲೇ ಇದ್ದಳು. ‘ನಾಕ ದಿನ ಇದ್ದು ಹೋಗಾಕ ಬಂದೀನಿ’ ಅಂದಳು. ಆದರೆ ಜಟಕಾದಿಂದ ಇಳಿದದ್ದು ಅರ್ಧ ಚೀಲ ಜೋಳ, ರೊಟ್ಟಿ ಹಂಚು, ಅವಳ ಹಾಸಿಗೆ. ನಾಲ್ಕು ದಿನಕ್ಕೆ ಬಂದವಳು ಹಂಚು ಹೊತ್ತು ತರುತ್ತಾಳೆಯೇ? ಅವಳು ಕೇಳಲು ಬಂದ ಮಾತು, ಅವಳು ಬಾಯಿ ಬಿಡುವ ಮೊದಲೇ ನನಗೆ ಕೇಳಿಸಿತು: ‘ಇನ್ನ ನಿನ್ನ ಹತ್ತರನೇ ಇರ್ಲೇನೋ ತಮ್ಮಾ?’

ಕೇಳಿದ್ದರೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಹೂಂ ಎನ್ನಲು ಮನಸ್ಸಿರಲಿಲ್ಲ. ಎರಡೇ ಕೋಣೆಯ ಮನೆ, ಸಣ್ಣ ಸಂಬಳ ಎಂದೆಲ್ಲ ಈಗ ಹೇಳಬಹುದು, ಸುಳ್ಳು. ಹೆಂಡತಿಯಾದರೂ ಒಲ್ಲೆ ಅಂದಿದ್ದರೆ ಅವಳ ಮೇಲೆ ಹಾಕಿ ಪಾರಾಗುತ್ತಿದ್ದೆ. ಅವಳು ಅಕ್ಕನ ಹಾಸಿಗೆಗೆ ಜಾಗ ಮಾಡುತ್ತಿದ್ದಳು. ನನ್ನ ಸುಖ ನನಗೆ ಹೆಚ್ಚಾಗಿತ್ತು, ಅಷ್ಟೇ.

ಹೀಗಾಗಿ ಊರು ತೋರಿಸಿದೆ. ‘ತಮ್ಮಾ, ಒಂದೀಟ ಕೂಡು, ಮಾತಾಡೂದದ’ ಎಂದು ಅವಳಂದರೆ, ‘ಆಮ್ಯಾಲ ಅಕ್ಕಾ, ಬಸ್ಸು ತಪ್ಪತದ, ಜಲ್ದಿ ಏಳು!’ ಪಕ್ಕೆಲುಬಿನ ಕೆಳಗೆ ನಿಂತು ಅವಳು ಬಾಯಿ ತೆರೆದಳು; ತಿಮಿಂಗಿಲ ಮೀನೇ ಅಲ್ಲ, ಮರಿಗೆ ಹಾಲೂಡಿಸುತ್ತದೆ ಎಂದು ನಾನು ಶುರುಮಾಡಿದೆ. ಬಾವಿಯ ಕಟ್ಟೆಯ ಮೇಲೆ ಕೂತಳು. ಹಗುರ-ಭಾರದ ಪಾಠ ಹೇಳಿದೆ. ‘ನಿನಗ ಭಾಳ ಗೊತ್ತದ ಬಿಡಪಾ’ ಅಂದು ಕಾಲು ಒತ್ತಿಕೊಂಡಳು. ಕಾಲು ಬಾತಿದ್ದವು. ನೋಡಿಯೂ ಸ್ಟೀಮರಿನ ತನಕ ನಡೆಸಿದೆ. ಥೂ ನನ್ನ ಜನ್ಮಕ್ಕೆ!

ಐದನೆಯ ದಿನ ಅವಳೇ ಹಾಸಿಗೆ ಸುತ್ತಿದಳು. ರೈಲಿನ ಕಿಟಕಿಯಿಂದ, ‘ಎಲ್ಲಾ ತೋರಿಸಿದಿ ತಮ್ಮಾ, ಏನೂ ಬಿಡಲಿಲ್ಲ’ ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಿರುಗಿ ಜಗಳಾಡಿ ನಾನು ಹಗುರಾಗುತ್ತಿದ್ದೆ.

ವರ್ಷದ ಮೇಲೆ ರಜೆಗೆ ಊರಿಗೆ ಬಂದವನು, ಮೊದಲೇ ಕಾಗದ ಹಾಕಿ ತಿಳಿಸಿ, ಜಹೀರಾಬಾದಿನಿಂದ ಅವಳ ಹಳ್ಳಿಗೆ ಜೀಪು ಹತ್ತಿದೆ. ಪಕ್ಕದಲ್ಲಿ ಕೂತ ಆ ಊರಿನ ರೈತ, ‘ನಿಮ್ಮಕ್ಕ ಈಗ ಕೊಟ್ಟಗ್ಯಾಗ ಮಲಗ್ತಾಳರಿ, ದನಗಳ ಸಂಗಟ’ ಅಂದ. ಇವತ್ತು ಅವಳ ಮೈದುನರನ್ನು ಬಿಡಬಾರದು ಅಂದುಕೊಂಡೆ.

ಅಕ್ಕ ರಸ್ತೆಗೇ ಬಂದು ಕಾಯುತ್ತಿದ್ದಳು. ‘ಬಾ ತಮ್ಮಾ, ನಮ್ಮೂರು ತೋರಸ್ತೀನಿ.’ ಹೊಸ ಪಂಚಾಯ್ತಿ ಕಟ್ಟೆ ತೋರಿಸಿದಳು, ಕಬ್ಬಿನ ಗಾಣ ತೋರಿಸಿದಳು, ಒಂದೇ ಬುಡವೆಂಬಂತೆ ಕೂಡಿ ಬೆಳೆದ ಬೇವು ಅರಳಿ ತೋರಿಸಿದಳು. ‘ಮನಿಗೆ ಹೋಗೂಣು ನಡಿ ಅಕ್ಕಾ.’ ‘ಇರೋ, ಇನ್ನ ನೋಡೂದದ.’ ತನ್ನ ಓಣಿ ಬಂದಾಗಲೆಲ್ಲ ನನ್ನ ಕೈ ಹಿಡಿದು ಬೇರೆ ದಾರಿಗೆ ತಿರುಗಿಸಿದಳು. ಮೂರನೆಯ ಸಲ ನಾನೂ ಸುಮ್ಮನೆ ತಿರುಗಿದೆ.

ಸಂಜೆ ಜೀಪು ಬಂತು. ‘ನಡಿ, ನನ್ನ ಸಂಗಟ ನಡಿ’ ಅನ್ನಬಹುದಿತ್ತು. ಡ್ರೈವರು ಹಾರ್ನು ಹೊಡೆದ.

‘ಛಲೋ ಅದ ಅಕ್ಕಾ ನಿಮ್ಮೂರು’ ಅಂದೆ, ಹತ್ತಿ ಕೂತೆ.