ಕರೆಂಟಿದ್ದೂ ಮಗ್ಗ ನಿಂತ ಬೀದಿ

೧೯೯೨ರ ಜೂನ್ ತಿಂಗಳಲ್ಲಿ ನೆಲಮಂಗಲದ ಕಡೆಯ ಒಂದು ಹಳ್ಳಿ ಶಾಲೆಯಿಂದ ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದಕ್ಕೆ ನನಗೆ ವರ್ಗವಾಯಿತು. ಹುದ್ದೆ ಗಣಿತ ಮತ್ತು ವಿಜ್ಞಾನದ ಸಹಶಿಕ್ಷಕಿ. ಹೊಸದಾಗಿ ಬಂದವಳು, ಇಲ್ಲ ಅನ್ನಲಾರಳು ಎಂಬ ಲೆಕ್ಕಾಚಾರದಲ್ಲಿ ಹತ್ತನೇ ತರಗತಿಯ ಕ್ಲಾಸ್ ಟೀಚರ್ ಕೆಲಸವನ್ನೂ ನನ್ನ ಹೆಗಲಿಗೇರಿಸಿದರು. ಆಗ ನನಗೆ ಹದಿನಾಲ್ಕು ವರ್ಷದ ಸರ್ವೀಸ್ ಆಗಿತ್ತು. ಮಕ್ಕಳು ಹೇಗೆ ಓದುತ್ತಾರೆ, ಯಾಕೆ ಫೇಲಾಗುತ್ತಾರೆ ಎಂಬುದರಲ್ಲಿ ನನಗೆ ಇನ್ನು ಯಾರೂ ಹೊಸದಾಗಿ ಹೇಳಿಕೊಡುವುದೇನೂ ಇಲ್ಲ ಎಂದುಕೊಂಡಿದ್ದೆ.

ಮೊದಲ ದಿನ ಹಾಜರಿ ಕರೆದಾಗ ಬೆಚ್ಚಿಬಿದ್ದೆ. ಹೆಸರು ಕೂಗಿದರೆ ಅರ್ಧ ಕ್ಲಾಸು ಆಚೆ ಬೀದಿಯವರಿಗೆ ಕೇಳುವಷ್ಟು ಜೋರಾಗಿ "ಪ್ರೆಸೆಂಟ್ ಮಿಸ್" ಎನ್ನುತ್ತಿತ್ತು. ಇದೇನು ಕೊಬ್ಬು ಎಂದು ಗದರಲು ಹೊರಟಿದ್ದೆ. ಕನ್ನಡದ ಮೇಷ್ಟ್ರು ನಕ್ಕು, "ಇವರೆಲ್ಲ ನೇಕಾರರ ಮಕ್ಕಳು ಮೇಡಂ. ಮನೇಲಿ ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸ" ಎಂದರು. ಆ ಊರಿನ ಎಷ್ಟೋ ಬೀದಿಗಳಲ್ಲಿ ಮನೆಯ ನಡುಕೋಣೆಯಲ್ಲೇ ವಿದ್ಯುತ್ ಮಗ್ಗ ಇರುತ್ತಿತ್ತು. ಅದು ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಅದರ ಪಕ್ಕದಲ್ಲೇ ಅಡುಗೆ, ಊಟ, ಮಗುವಿನ ತೊಟ್ಟಿಲು, ಮಕ್ಕಳ ಓದು.

ಆ ತರಗತಿಯ ಅತ್ಯಂತ ಜೋರು ದನಿ ವರಲಕ್ಷ್ಮಿಯದು. ಅತ್ಯಂತ ಜಾಣೆಯೂ ಅವಳೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಎಂಬತ್ತೆಂಟು ತೆಗೆದಳು. ಎಲ್ಲಿ ಓದುತ್ತೀಯ ಎಂದು ಒಮ್ಮೆ ಕೇಳಿದ್ದಕ್ಕೆ, "ಮಗ್ಗದ ಪಕ್ಕ ಕೂತ್ಕೊಂಡು ಕಂಡಿಕೆ ಸುತ್ತುತಾ ಬಾಯಲ್ಲಿ ಹೇಳ್ಕೊತೀನಿ ಮಿಸ್" ಎಂದಿದ್ದಳು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಪುಟ್ಟ ಕೊಳವೆಯೇ ಕಂಡಿಕೆ. ಕೈ ನೂಲು ಸುತ್ತುತ್ತಿದ್ದರೆ ಬಾಯಿ ಪ್ರಮೇಯ ಹೇಳುತ್ತದೆ ಎಂದರೆ ನನಗೆ ನಂಬಿಕೆ ಬರಲಿಲ್ಲ. ಅಂಕಗಳು ಕಣ್ಣೆದುರೇ ಇದ್ದವು, ಹಾಗಾಗಿ ಸುಮ್ಮನಾದೆ.

ಅವಳಿಗೆ ತಾಯಿ ಇರಲಿಲ್ಲ. ಎರಡು ವರ್ಷದ ಹಿಂದೆ, ಅವಳು ಎಂಟನೇ ತರಗತಿಯಲ್ಲಿದ್ದಾಗ ತೀರಿಕೊಂಡಿದ್ದರು. ತಂದೆ ಗಂಗಾಧರಪ್ಪ ಒಳ್ಳೆಯ ನೇಕಾರ, ಮಾತು ಕಡಿಮೆ. ಅವರ ಅಕ್ಕ ತನ್ನ ಮಗನಿಗೆ ವರಲಕ್ಷ್ಮಿಯನ್ನು ತಂದುಕೊಳ್ಳಬೇಕೆಂದು ಪಟ್ಟು ಹಿಡಿದಿದ್ದರು. ಕೊನೆಗೆ ಆದ ಒಪ್ಪಂದ ಇಷ್ಟು: ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಹುಡುಗಿ ಕಾಲೇಜಿಗೆ, ಬಾರದಿದ್ದರೆ ಆ ಬೇಸಿಗೆಯಲ್ಲೇ ಮದುವೆ. ಹದಿನಾರು ತುಂಬದ ಹುಡುಗಿಗೆ ಇದು ಗೊತ್ತಿತ್ತು. ನನಗೂ ಗೊತ್ತಿತ್ತು.

ಜನವರಿಯಲ್ಲಿ ಪೋಷಕರ ಸಭೆ ಇತ್ತು. ಅಧ್ಯಯನ ಅಭ್ಯಾಸಗಳ ಬಗ್ಗೆ ಮಾತಾಡಲು ಬೆಂಗಳೂರಿನಿಂದ ಉಪನ್ಯಾಸಕರೊಬ್ಬರು ಬಂದಿದ್ದರು. ಓದುವ ಮಗುವಿಗೆ ಪ್ರತ್ಯೇಕ ಮೇಜು ಇರಬೇಕು, ಗೊತ್ತಾದ ಸಮಯ ಇರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸುತ್ತ ಸದ್ದಿರಬಾರದು, ಸದ್ದಿನಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅವರು ಬಹಳ ಚೆನ್ನಾಗಿ ಹೇಳಿದರು. ಸಾಮಾನ್ಯವಾಗಿ ಇಂಥ ಭಾಷಣಗಳನ್ನು ಪೋಷಕರು ಕಾಫಿ ಬರುವವರೆಗೆ ಸಹಿಸಿಕೊಂಡು ಮನೆಗೆ ಹೋಗಿ ಮರೆಯುತ್ತಾರೆ. ಗಂಗಾಧರಪ್ಪ ಮರೆಯಲಿಲ್ಲ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ಮನುಷ್ಯನ ಮುಖ ಸಣ್ಣಗಾಗಿದ್ದನ್ನು ನಾನು ಗಮನಿಸಿದ್ದೆ.

ಫೆಬ್ರವರಿಯಲ್ಲಿ ಪ್ರಿಪರೇಟರಿ, ಅಂದರೆ ಪಬ್ಲಿಕ್ ಪರೀಕ್ಷೆಗೆ ಮುಂಚಿನ ತಾಲೀಮು ಪರೀಕ್ಷೆ ನಡೆಯಿತು. ಗಣಿತದ ಉತ್ತರ ಪತ್ರಿಕೆಗಳನ್ನು ಸ್ಟಾಫ್ ರೂಮಿನಲ್ಲಿ ತಿದ್ದುತ್ತಾ ವರಲಕ್ಷ್ಮಿಯದನ್ನು ತೆರೆದೆ. ಮೊದಲ ಎರಡು ಲೆಕ್ಕ ಸರಿಯಾಗಿದ್ದವು. ಮೂರನೆಯದು ಅರ್ಧಕ್ಕೆ ನಿಂತಿತ್ತು. ಆಮೇಲೆ ಖಾಲಿ ಹಾಳೆಗಳು. ಬೇರೆ ಯಾರದೋ ಪತ್ರಿಕೆ ಇರಬೇಕೆಂದು ಹೆಸರನ್ನು ಎರಡು ಸಲ ನೋಡಿದೆ. ನೂರಕ್ಕೆ ಹತ್ತೊಂಬತ್ತು. ಬೇರೆ ಟೀಚರುಗಳನ್ನು ವಿಚಾರಿಸಿದರೆ ಅವರ ವಿಷಯಗಳಲ್ಲೂ ಅದೇ ಕಥೆ.

ಸ್ಟಾಫ್ ರೂಮಿನಲ್ಲಿ ತಲೆಗೊಂದು ಮಾತು. ವಯಸ್ಸಿನ ಹುಡುಗಿ, ಮನಸ್ಸು ಎಲ್ಲೋ ಹೋಗಿರಬೇಕು ಎಂದರು ಒಬ್ಬರು. ಜಂಬ ಬಂದಿದೆ ಎಂದರು ಇನ್ನೊಬ್ಬರು. ವರಲಕ್ಷ್ಮಿಯನ್ನು ಕರೆದು ಕೇಳಿದರೆ ತಲೆ ತಗ್ಗಿಸಿ ನಿಂತಳು. "ಏನೂ ಇಲ್ಲ ಮಿಸ್" ಎಂದಳು. ಆ ಜೋರು ದನಿ ಎಲ್ಲಿ ಹೋಯಿತೋ, ಎದುರಿಗಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಆ ಸಂಜೆಯೇ ಅವಳ ಮನೆಗೆ ಹೊರಟೆ.

ಬೀದಿಯ ಬಾಯಿಗೆ ಬಂದಾಗ ಆರೂವರೆ ಇರಬಹುದು. ಏನೋ ಸರಿಯಿಲ್ಲ ಅನ್ನಿಸಿತು. ಎಲ್ಲ ಮನೆಗಳಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಆದರೆ ಒಂದು ಮಗ್ಗದ ಸದ್ದೂ ಇಲ್ಲ. ಗಂಡಸರು ಜಗುಲಿಗಳ ಮೇಲೆ ಬೀಡಿ ಹಿಡಿದು ಸುಮ್ಮನೆ ಕೂತಿದ್ದರು. ಕೂಗಾಡಲು ಹೊರಟ ಮಗುವೊಂದರ ಬಾಯಿಯನ್ನು ತಾಯಿ ಕೈಯಿಂದ ಮುಚ್ಚಿದಳು. ಗಂಗಾಧರಪ್ಪನವರ ಎದುರು ಮನೆಯ ಜಗುಲಿಯಲ್ಲಿ ಮುನಿಯಪ್ಪ ಎಂಬ ಹಿರಿಯರು ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಉಬ್ಬಸದ ರೋಗಿ. ನನ್ನನ್ನು ಕಂಡು ಪಿಸುದನಿಯಲ್ಲಿ ಮಾತಾಡಿಸಿದರು.

"ಟೀಚರಮ್ಮ, ಮೆಲ್ಲಗೆ ಬನ್ನಿ. ಮಗೀಗೆ ಓದಕ್ಕೆ ಸದ್ದಾಗ್ಬಾರ್ದು ಅಂತ ಆ ಬೆಂಗ್ಳೂರು ಸಾಹೇಬ್ರು ಹೇಳಿದ್ರಂತಲ್ಲ. ಗಂಗಾಧರಪ್ಪ ಒಬ್ಬ ನಿಲ್ಲಿಸಿದ್ರೆ ಏನು ಬಂತು? ಬೀದಿಯೋರೆಲ್ಲ ಮಾತಾಡ್ಕೊಂಡು ಆರರಿಂದ ಒಂಬತ್ತರ ಗಂಟ ಮಗ್ಗ ನಿಲ್ಲಿಸ್ಬಿಟ್ಟಿದೀವಿ. ತಾಯಿಲ್ಲದ ಮಗು ಅಲ್ವಾ."

ಕರೆಂಟು ಇರುವ ಹೊತ್ತಿನಲ್ಲಿ ನೇಕಾರ ಮಗ್ಗ ನಿಲ್ಲಿಸುವುದೆಂದರೆ ಸಣ್ಣ ಮಾತಲ್ಲ. ಇಡೀ ಬೀದಿ ಇಷ್ಟು ಮಾಡಿದ ಮೇಲೆ ಈ ಹುಡುಗಿ ಹತ್ತೊಂಬತ್ತು ತೆಗೆದಿದ್ದಾಳಲ್ಲ ಎಂದು ಸಿಟ್ಟೂ ಬಂತು. ಅದೇ ಸಿಟ್ಟಿನಲ್ಲಿ ಹುಡುಗಿಯ ಮನೆಯೊಳಗೆ ಹೋದೆ.

ನಡುಕೋಣೆಯಲ್ಲಿ ಮಗ್ಗಕ್ಕೆ ಬಟ್ಟೆ ಹೊದಿಸಿತ್ತು. ಅದರ ಪಕ್ಕ ಹೊಸ ಮೇಜು, ಹೊಸ ಕುರ್ಚಿ. ವರಲಕ್ಷ್ಮಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಎರಡೂ ಕೈಗಳಿಂದ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

ಸೂಜಿ ಬಿದ್ದರೂ ಕೇಳುವಂಥ ಮನೆಯಲ್ಲಿ ಅವಳು ಕಿವಿ ಮುಚ್ಚಿಕೊಂಡಿದ್ದಳು. ಬಾಗಿಲಲ್ಲೇ ನಿಂತುಬಿಟ್ಟೆ. ಅವಳ ಕಣ್ಣು ಪುಸ್ತಕದ ಮೇಲಿರಲಿಲ್ಲ, ನಡುಕೋಣೆಯ ಒಂದು ಮೂಲೆಯಲ್ಲಿ ನೆಟ್ಟಿತ್ತು. ಹತ್ತಿರ ಹೋಗಿ ಕೈ ಹಿಡಿದು ಕೇಳಿದೆ, "ಏನು ಕೇಳ್ಸತ್ತೆ ನಿಂಗೆ?"

ಅವಳು ಪುಸ್ತಕ ಮುಚ್ಚಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಕರೆಂಟ್ ಹೋಗಿ ಮಗ್ಗ ನಿಂತ್ರೆ ಭಯ ಆಗಲ್ಲ ಮಿಸ್. ಎಲ್ಲಾ ಈಚೆ ಬಂದು ಮಾತಾಡ್ತಾರೆ, ನಗ್ತಾರೆ. ಲೈಟ್ ಇದ್ದೂ ಬೀದೀಲಿ ಮಗ್ಗ ನಿಲ್ಲೋದು ಯಾರಾದ್ರೂ ಸತ್ರೆ ಮಾತ್ರ. ಹೆಣ ಎತ್ತೋ ಗಂಟ ಯಾರೂ ಮಗ್ಗ ಹಾಕಲ್ಲ. ಅಮ್ಮನ್ನ ಆ ಮೂಲೇಲೇ ಮಲಗ್ಸಿದ್ರು. ಈಗ ದಿನಾ ಆರು ಗಂಟೆಗೆ ಎಲ್ಲಾ ಮಗ್ಗ ನಿಲ್ತವೆ. ದಿನಾ ಅಮ್ಮ ಸತ್ತಂಗಾಗತ್ತೆ."

ನಾನು ಅಲ್ಲೇ ಮಗ್ಗದ ಹಲಗೆಯ ಮೇಲೆ ಕೂತೆ. ಹದಿನಾಲ್ಕು ವರ್ಷದಲ್ಲಿ ಮಕ್ಕಳು ಓದದಿರುವುದಕ್ಕೆ ನೂರು ಕಾರಣ ಕೇಳಿದ್ದೆ, ಇಂಥದ್ದು ಕೇಳಿರಲಿಲ್ಲ. ತಿರುಗಿ ನೋಡಿದರೆ ಗಂಗಾಧರಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಯಾಕಮ್ಮ ಹೇಳ್ಲಿಲ್ಲ?" ಎಂದರು.

"ಎಲ್ಲಾರೂ ನನಗೋಸ್ಕರ ನಿಲ್ಲಿಸಿದ್ರಲ್ಲಪ್ಪ. ಹೆಂಗೆ ಹೇಳ್ಲಿ?"

ಅವರು ಮಗ್ಗಕ್ಕೆ ಹೊದಿಸಿದ್ದ ಬಟ್ಟೆಯನ್ನು ಎಳೆದು ಹಾಕಿ ಸ್ವಿಚ್ ಒತ್ತಿದರು. ಎದುರು ಮನೆಯ ಮುನಿಯಪ್ಪ ಗಾಬರಿಯಿಂದ ಎದ್ದು ಬಂದರು. ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ಅಯ್ಯೋ ನಮ್ ಬುದ್ಧಿಗಿಷ್ಟು. ಹುಟ್ಟಿದಾಗ್ಲಿಂದ ಈ ಸದ್ದಲ್ಲಿ ಬೆಳೆದ ಮಗು ಅದು" ಎಂದು ತಮ್ಮ ಮಗ ರಾಮಾಂಜಿಯನ್ನು ಕೂಗಿದರು. ಅರ್ಧ ಗಂಟೆಯಲ್ಲಿ ಬೀದಿಯ ಮಗ್ಗಗಳೆಲ್ಲ ಮತ್ತೆ ಓಡತೊಡಗಿದವು. ನನಗೆ ತಲೆನೋವು ಬಂತು, ವರಲಕ್ಷ್ಮಿ ಕುರ್ಚಿ ಬಿಟ್ಟು ನೆಲಕ್ಕಿಳಿದು ಕಂಡಿಕೆ ಹಿಡಿದಳು.

ನನಗೊಂದು ಅಳುಕು ಉಳಿದಿತ್ತು. ಪರೀಕ್ಷಾ ಕೇಂದ್ರದಲ್ಲೂ ನಿಶ್ಶಬ್ದ ಇರುತ್ತದಲ್ಲ, ಅಲ್ಲಿ ಏನು ಮಾಡುತ್ತೀ ಎಂದು ಕೇಳಿದೆ. ನನ್ನನ್ನು ದಡ್ಡಿಯೆಂಬಂತೆ ನೋಡಿದಳು. "ಅಲ್ಲಿ ಮಗ್ಗ ಎಲ್ಲಿದೆ ಮಿಸ್ ನಿಲ್ಲಕ್ಕೆ? ಬೀದೀಲಿ ಸದ್ದಿದೆ ಅಂತ ಗೊತ್ತಿದ್ರೆ ಸಾಕು, ನಾನು ಎಲ್ಲಾದ್ರೂ ಬರೀತೀನಿ."

ಪಬ್ಲಿಕ್ ಪರೀಕ್ಷೆ ಬಂತು. ಭಾಷೆಗಳ ಪತ್ರಿಕೆ ಚೆನ್ನಾಗಿ ಬರೆದಳು. ಗಣಿತದ ದಿನ ಬೆಳಿಗ್ಗೆ ಅವಳನ್ನು ಕೇಂದ್ರದವರೆಗೆ ನಾನೇ ಬಿಟ್ಟುಬರಬೇಕೆಂದು ಅವರ ಬೀದಿಗೆ ಹೋದೆ. ಎಲ್ಲ ಮಗ್ಗಗಳೂ ಭರ್ಜರಿಯಾಗಿ ಓಡುತ್ತಿದ್ದವು. ನನಗೆ ಸಮಾಧಾನವಾಯಿತು. ಆದರೆ ಮುನಿಯಪ್ಪ ಜಗುಲಿಯ ಮೇಲೆ ಇರಲಿಲ್ಲ. ಪರೀಕ್ಷೆ ಶುರುವಾದಾಗಿನಿಂದ "ಇವತ್ತು ಯಾವ ಸಬ್ಜೆಕ್ಟು?" ಎಂದು ಕೇಳದೆ ಹುಡುಗಿಯನ್ನು ಕಳಿಸಿದವರಲ್ಲ ಅವರು. ಹುಷಾರಿಲ್ಲವೇನೋ ಎಂದು ಅವರ ಮನೆಯ ಬಾಗಿಲನ್ನು ತಳ್ಳಿದೆ.

ರಾಮಾಂಜಿ ಮಗ್ಗದ ಮುಂದೆ ನಿಂತಿದ್ದ. ಲಾಳಿ ಆಚೆಯಿಂದ ಈಚೆಗೆ ಹಾರುತ್ತಿತ್ತು. ಅವನ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಮಗ್ಗದ ಹಿಂದೆ, ಗೋಡೆಯ ಪಕ್ಕ, ಚಾಪೆಯ ಮೇಲೆ ಮುನಿಯಪ್ಪನವರನ್ನು ಮಲಗಿಸಿ ಬಿಳಿ ಪಂಚೆ ಹೊದಿಸಿದ್ದರು. ತಲೆಯ ಬಳಿ ದೀಪ ಹಚ್ಚಿತ್ತು. ಮನೆಯ ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಅವರ ಬಾಯಿ ತೆರೆದಿರುವುದು ಕಾಣುತ್ತಿತ್ತು, ದನಿ ಮಾತ್ರ ಮಗ್ಗದ ಸದ್ದಿನಲ್ಲಿ ಮುಳುಗಿಹೋಗಿತ್ತು.

ರಾಮಾಂಜಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ.

"ಬೆಳಗಿನ ಜಾವ ಹೋಗ್ಬಿಟ್ರು ಟೀಚರಮ್ಮ. ವಾರದಿಂದ ಒಂದೇ ಮಾತು. ನಂಗೇನಾದ್ರೂ ಆದ್ರೆ ಆ ಮಗು ಪರೀಕ್ಷೆಗೆ ಹೋಗೋ ಗಂಟ ಮಗ್ಗ ನಿಲ್ಲಿಸ್ಬೇಡಿ ಅಂತ. ಬೀದಿಯೋರಿಗೆಲ್ಲ ಹೇಳಿದೀನಿ. ನೀವು ಕರ್ಕೊಂಡು ಹೊರಡಿ."

ಹೊರಗೆ ಬಂದೆ. ಗಂಗಾಧರಪ್ಪ ತಮ್ಮ ಮನೆಯ ಬಾಗಿಲಲ್ಲಿ ನಿಂತು ಮಗಳ ಹಣೆಗೆ ಕುಂಕುಮ ಇಡುತ್ತಿದ್ದರು. ನನ್ನನ್ನು ಕಂಡು ಬೇಗ ಹೊರಡುವಂತೆ ಸನ್ನೆ ಮಾಡಿದರು. ಬೀದಿಯಲ್ಲಿ ನಡೆಯುವಾಗ ವರಲಕ್ಷ್ಮಿ ಖಾಲಿ ಜಗುಲಿಯತ್ತ ನೋಡಿ, "ತಾತ ಎಲ್ಲಿ ಮಿಸ್?" ಎಂದಳು. "ಮಲಗಿದಾರೆ" ಎಂದೆ. ಎರಡೂ ಕಡೆ ಪ್ರತಿ ಮನೆಯಲ್ಲೂ ಮಗ್ಗ ಓಡುತ್ತಿತ್ತು. ಪ್ರತಿ ಬಾಗಿಲಲ್ಲೂ ಒಬ್ಬರು ನಿಂತು ಅವಳನ್ನು ನೋಡುತ್ತಿದ್ದರು, ಯಾರೂ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳಲಿಲ್ಲ.

ಅವಳನ್ನು ಕೇಂದ್ರದೊಳಗೆ ಕಳಿಸಿ ವಾಪಸು ಬಂದಾಗ ಬೀದಿ ನಿಶ್ಶಬ್ದವಾಗಿತ್ತು. ಹಗಲಿನಲ್ಲೂ ಒಳಗೆ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು, ಮಗ್ಗಗಳು ನಿಂತಿದ್ದವು. ಮಗ್ಗದ ಸದ್ದಿನಲ್ಲಿ ಮುಳುಗಿದ್ದ ಅಳು ಮುನಿಯಪ್ಪನವರ ಮನೆಯಿಂದ ಈಗ ಹೊರಗೆ ಕೇಳುತ್ತಿತ್ತು. ಮಗ್ಗ ನಿಂತ ಆ ಬೀದಿಯಲ್ಲಿ ಒಂದು ಗಳಿಗೆ ನಿಂತೆ. ಹುಡುಗಿ ಯಾಕೆ ಕಿವಿ ಮುಚ್ಚಿಕೊಂಡಿದ್ದಳೆಂದು ಆಗ ನನ್ನ ಮೈಗೇ ಅರ್ಥವಾಯಿತು.

ಮಧ್ಯಾಹ್ನ ವರಲಕ್ಷ್ಮಿ ಬರುವವರೆಗೆ ಹೆಣ ಎತ್ತಲಿಲ್ಲ. ಬೀದಿಯ ತಿರುವಿನಲ್ಲೇ ಅವಳಿಗೆ ಗೊತ್ತಾಯಿತು, ಯಾರೂ ಹೇಳಬೇಕಾಗಿರಲಿಲ್ಲ. ಪ್ರಶ್ನೆಪತ್ರಿಕೆಯನ್ನು ಹಿಡಿದುಕೊಂಡೇ ಓಡಿಹೋಗಿ ತಾತನ ಕಾಲ ಬಳಿ ಕೂತಳು. "ಎಲ್ಲಾ ಬರ್ದೆ ತಾತ" ಎಂದಳು. ಹಳೆಯ ಜೋರು ದನಿಯಲ್ಲೇ ಹೇಳಿದಳು, ಇಡೀ ಬೀದಿಗೆ ಕೇಳಿಸಿತು.

ಗಣಿತಕ್ಕೆ ತೊಂಬತ್ತೊಂದು ಬಂತು. ಒಟ್ಟಾರೆ ಫಸ್ಟ್ ಕ್ಲಾಸ್. ಸೋದರತ್ತೆ ಕೊಟ್ಟ ಮಾತಿಗೆ ತಪ್ಪಲಿಲ್ಲ, ಹುಡುಗಿ ಕಾಲೇಜಿಗೆ ಸೇರಿದಳು.

ಆಮೇಲೆ ಮತ್ತೆ ಹಲವು ವರ್ಷ ಪಾಠ ಮಾಡಿ ನಿವೃತ್ತಳಾದೆ. ಮಗು ಎಷ್ಟು ಹೊತ್ತು ಓದಬೇಕು, ಬೆಳಿಗ್ಗೆ ಒಳ್ಳೆಯದೋ ಸಂಜೆಯೋ ಎಂದು ಪೋಷಕರು ಕೇಳಿದಾಗಲೆಲ್ಲ ನಾನು ಉತ್ತರ ಹೇಳುವ ಮೊದಲು ಮಗುವನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳುತ್ತಿದ್ದೆ: ಓದಲು ಕೂತಾಗ ನಿನಗೆ ಏನು ಕೇಳಿಸುತ್ತದೆ? ಓದುವ ಅಭ್ಯಾಸ ಮೇಜು ಕುರ್ಚಿಯಿಂದ ಶುರುವಾಗುವುದಿಲ್ಲ, ಮನಸ್ಸಿಗೆ ಎಲ್ಲಿ ಧೈರ್ಯ ಬರುತ್ತದೋ ಅಲ್ಲಿಂದ ಶುರುವಾಗುತ್ತದೆ ಎಂಬುದನ್ನು ನನಗೆ ಆ ಬೀದಿ ಕಲಿಸಿತು.

ಆ ಬೀದಿಯಲ್ಲಿ ಅಂದಿನಿಂದ ಒಂದು ಹೊಸ ಪದ್ಧತಿ ಬಂತು. ಪರೀಕ್ಷೆಯ ದಿನಗಳಲ್ಲಿ ಯಾರಾದರೂ ತೀರಿಕೊಂಡರೆ ಎಸ್ಸೆಸ್ಸೆಲ್ಸಿ ಮಕ್ಕಳು ಬೀದಿ ದಾಟುವವರೆಗೆ ಮಗ್ಗ ನಿಲ್ಲಿಸುವುದಿಲ್ಲ. ಹೆಣ ಇಟ್ಟುಕೊಂಡು ಮಗ್ಗ ಹಾಕುವ ಜನ ಎಂದು ಬೇರೆ ಬೀದಿಯವರು ಮೊದಮೊದಲು ಆಡಿಕೊಂಡರಂತೆ. ರಾಮಾಂಜಿ ಅವರಿಗೆ ಕೊಟ್ಟ ಉತ್ತರವನ್ನು ವರಲಕ್ಷ್ಮಿಯೇ ನನಗೆ ಹೇಳಿದಳು. "ನಮ್ಮಪ್ಪ ಜೀವ್ಮಾನ ಪೂರ್ತಿ ಮಗ್ಗ ಹಾಕಿದ್ರು. ಅವತ್ತೊಂದಿನ ಮಲಗ್ಕೊಂಡೇ ಹಾಕ್ಸಿದ್ರು, ಅಷ್ಟೇ."