ಪರದೆಯೊಳಗಿನವನು

ನಮ್ಮ ವಳಕಮದಿನ್ನಿಯ ಮನೆಯಲ್ಲಿ ಇದ್ದದ್ದು ಒಂದೇ ಸೊಳ್ಳೆಪರದೆ. ಹರಿದ ಕಡೆಯೆಲ್ಲ ಅವ್ವ ಹಳೆಯ ಸೀರೆಯ ತುಂಡು ಹೊಲಿದಿದ್ದರಿಂದ, ಗೆಳೆಯಾ, ಅದರ ಮೈತುಂಬ ಬಣ್ಣಗೆಟ್ಟ ಹೂಗಳಿದ್ದವು. ಕಾಲುವೆಯ ನೀರು ಭತ್ತದ ಜೊತೆಗೆ ಸೊಳ್ಳೆಗಳನ್ನೂ ಧಾರಾಳವಾಗಿ ಬೆಳೆಸಿದ ಆ ಊರಲ್ಲಿ, ಎಂಬತ್ತರ ದಶಕದ ಕೊನೆಯ ಒಂದು ಮುಸ್ಸಂಜೆ, ಪರದೆ ಯಾರಿಗೆಂಬ ಜಗಳ ಹುಟ್ಟಿತು. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ವಿಶ್ವವಿದ್ಯಾಲಯದಿಂದ ರಜೆಗೆ ಬಂದ ನಾನು ಮಲೇರಿಯಾದಲ್ಲಿ ನಡುಗಿ, ಮಾತ್ರೆ ನುಂಗಿ, ಆಗಷ್ಟೇ ಎದ್ದಿದ್ದೆ. ಅವ್ವ ಅಕ್ಕನ ಹಾಸಿಗೆಗೆ ಕಟ್ಟುತ್ತಿದ್ದ ಪರದೆ ನನಗೆ ಬೇಕೆಂದೆ.

“ಜ್ವರ ಬಿಟ್ಟಾವಗ ಮಚ್ಚರದಾನಿ, ಬಸುರಿಗೆ ಬಯಲು! ಇದನ್ನ ಕಲಿಯಾಕ ಅಷ್ಟು ದೂರ ಹೋಗಿದ್ದೇನಲೇ?” ಎಂದಳು ಅವ್ವ.

ನಾನು ಓದಿದ್ದು ಬೇರೆ. ಜ್ವರ ಬಿಟ್ಟ ಮೇಲೂ ಮಲೇರಿಯಾ ಪರಾವಲಂಬಿಯ ಗಂಡು ಹೆಣ್ಣು ರೂಪಗಳು ರಕ್ತದಲ್ಲಿ ಸದ್ದಿಲ್ಲದೆ ಉಳಿದಿರಬಹುದು; ಕಚ್ಚಿದ ಸೊಳ್ಳೆಯ ಹೊಟ್ಟೆ ಸೇರಿದ ಮೇಲೆ ತಮ್ಮ ಮೈಮೇಲಿನ ಪ್ರೋಟೀನುಗಳಿಂದ ಒಂದನ್ನೊಂದು ಗುರುತಿಸಿ ಕೂಡುತ್ತವೆ; ಕೆಲವು ದಿನ ಕಳೆದರೆ ಅದೇ ಸೊಳ್ಳೆ ಇನ್ನೊಬ್ಬರಿಗೆ ರೋಗ ಹಚ್ಚುತ್ತದೆ. ಆ ಪ್ರೋಟೀನುಗಳಿಗೆ ಅಡ್ಡಬಂದು ಕೂಡಿಕೆಯನ್ನೇ ತಪ್ಪಿಸುವ ಲಸಿಕೆಯನ್ನು ವಿಜ್ಞಾನಿಗಳು ಹುಡುಕುತ್ತಿದ್ದರು: ಹಾಕಿಸಿಕೊಂಡವನನ್ನಲ್ಲ, ಅವನ ಸುತ್ತಲಿನವರನ್ನು ಕಾಯುವ ಲಸಿಕೆ. ಅದಿನ್ನೂ ಬಂದಿರಲಿಲ್ಲ, ನನಗೆ ಪರದೆಯೇ ಗತಿ. ಮನೆಯಲ್ಲಿ ಎಲ್ಲರೂ ಹೆದರಬೇಕಾದದ್ದು ನನಗೇ ಎಂದು ಆಗ ಹೊಳೆಯಿತು.

ನಾನು ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿ ಅಕ್ಕ ನಕ್ಕಳು. “ಬಿಡಬೇ ಅವ್ವಾ, ಸಾಹೇಬ್ರು ಒಳಗ ಇರಲಿ. ನಾ ಬೇವಿನ ಹೊಗಿ ಹಾಕ್ಕೊಂತೀನಿ.” ಬಾಗಲಾರದೆ ಬಾಗಿ, ಪರದೆಯ ಅಂಚನ್ನು ತಾನೇ ನನ್ನ ಹಾಸಿಗೆಯಡಿ ಸಿಗಿಸಿದಳು. “ಹೊರಗ ಬಂದ್ರ ಕಾಲು ಮುರೀತೀನಿ ನೋಡು!”

ಆಗ ಕಂಡಿತು: ಪರದೆಯ ಒಳಮೈಗೆ, ಮಲೇರಿಯಾ ಸೊಳ್ಳೆ ಕೂರುವ ಹಾಗೆ ಹಿಂಭಾಗ ಮೇಲೆತ್ತಿ ಕೂತ ಒಂದು ಸೊಳ್ಳೆ. ಅದರ ಹೊಟ್ಟೆ ಕೆಂಪಗಿತ್ತು. ಎರಡೂ ಅಂಗೈ ಸೇರಿಸಿ ಹೊಡೆದೆ. ಅಂಗೈಯಲ್ಲಿ ರಕ್ತ ಕಂಡದ್ದು ನನಗೆ ಚೆನ್ನಾಗಿ ನೆನಪಿದೆ, ನೆನಪಿದೆ ಎಂದುಕೊಂಡಿದ್ದೇನೆ.

ಅಕ್ಕನಿಗೆ ಜ್ವರ ಬರಲಿಲ್ಲ, ಹೆಣ್ಣುಮಗು ಹುಟ್ಟಿತು, ಇಬ್ಬರೂ ನೆಟ್ಟಗಿದ್ದರು. ವರ್ಷಗಳ ಮೇಲೆ ಆ ಸಂಜೆಯ ಮಾತು ತೆಗೆದಾಗ ಅವಳೆಂದಳು: “ಎಲ್ಲಿ ಸಿಕ್ತಲೇ ನಿನಗ? ಹೊಲಿಗಿ ಬಿಟ್ಟ ಸಂದ್ಯಾಗಿಂದ ಹಾರಿ ಹೋತು. ನಾ ನೋಡೀನಿ.”

ಹಾಗಿದ್ದರೆ ಅದು ನನ್ನ ರಕ್ತ ಹೊತ್ತು ಎಲ್ಲಿಗೆ ಹೋಯಿತು? ಆ ವರ್ಷ ನಮ್ಮ ಓಣಿಯಲ್ಲಿ ಬಸುರಿ ಅಕ್ಕ ಒಬ್ಬಳೇ ಇರಲಿಲ್ಲ.